ಹೈಬ್ರಿಡ್ ಗಾಡಿಗೆ ಟವೆಲ್ ಹಾಕಿದ್ದು

ಟವೆಲ್ ಹಾಕುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂತ್ರಿ ಕುರ್ಚಿಗೆ ಯಾರ್‍ಯಾರು ಟವೆಲ್ ಹಾಕಿದ್ದಾರೆಂದು ಪೇಪರಿನವರೇ ದಿನಾ ಬರೆಯುತ್ತಾರೆ. ಆ ಮಾತು ಬಸ್ಸು, ರೈಲುಗಳಿಂದ ಬಂದದ್ದೆಂದು ಬರೆಯುವವರಿಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ನನಗಂತೂ ಚೆನ್ನಾಗಿ ನೆನಪಿದೆ. ಹತ್ತೊಂಬತ್ತು ವರ್ಷ ತುಮಕೂರು ಸ್ಟೇಷನ್ನಿನಲ್ಲಿ, ಸಂಜೆಯ ಪ್ಯಾಸೆಂಜರ್ ಗಾಡಿ ಪೂರ್ತಿ ನಿಲ್ಲುವ ಮೊದಲೇ, ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ನಿಜವಾದ ಟವೆಲನ್ನು ನಿಜವಾದ ಸೀಟಿನ ಮೇಲೆ ಎಸೆದವಳು ನಾನು.

ನನ್ನ ಮನೆ ಮಲ್ಲೇಶ್ವರದಲ್ಲಿ, ಕೆಲಸ ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದೆ. "ಬೆಂಗಳೂರಿಗೇ ಟ್ರಾನ್ಸ್‌ಫರ್ ತಗೋಬಾರದಾ?" ಎಂದು ಕೇಳದ ನೆಂಟರಿಲ್ಲ. ಟ್ರಾನ್ಸ್‌ಫರ್ ಅನ್ನುವುದು ಎಂಟನೇ ಕ್ರಾಸಿನ ತರಕಾರಿ ಗಾಡಿಯಲ್ಲಿ ಸಿಗುತ್ತದೆ, ನಾನೇ ಚೌಕಾಸಿ ಮಾಡಿ ಬಿಟ್ಟು ಬಂದೆ ಎನ್ನುವ ಧಾಟಿಯಲ್ಲಿ ಕೇಳುತ್ತಾರೆ. ಮೊದಮೊದಲು ಉತ್ತರ ಕೊಡುತ್ತಿದ್ದೆ. ಆಮೇಲೆ ಇನ್ನೊಂದು ಲೋಟ ಕಾಫಿ ಕೊಟ್ಟು ಸುಮ್ಮನಾಗುವುದನ್ನು ಕಲಿತೆ.

ಆ ಗಾಡಿಯಲ್ಲಿ ನನ್ನ ಜೊತೆಗಾತಿ ಚಾಮರಾಜಪೇಟೆಯ ಒಬ್ಬ ಅಕ್ಕ. ನನಗಿಂತ ಎಂಟು ವರ್ಷ ದೊಡ್ಡವರು, ತುಮಕೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಗಾಡಿ ಹೊರಡುವ ಮೆಜೆಸ್ಟಿಕ್ಕಿನಲ್ಲೇ ಹತ್ತಿ, ಮುಂದೆ ಮಲ್ಲೇಶ್ವರದಲ್ಲಿ ಹತ್ತುವ ನನಗೆ ಪಕ್ಕದ ಸೀಟು ಹಿಡಿದಿಡುತ್ತಿದ್ದರು. ಸಂಜೆಯ ಪಾಳಿ ನನ್ನದು. ವಾಪಸು ಬರುವ ಗಾಡಿ ಅರಸೀಕೆರೆ ಕಡೆಯಿಂದಲೇ ಮುಕ್ಕಾಲು ತುಂಬಿ ಬರುತ್ತಿತ್ತು, ಅಕ್ಕ ಆಸ್ಪತ್ರೆಯಿಂದ ಬಂದು ತಲುಪುವ ಹೊತ್ತಿಗೆ ಅದು ಹೊರಡುವುದಕ್ಕೆ ಎರಡು ನಿಮಿಷವಷ್ಟೇ ಉಳಿದಿರುತ್ತಿತ್ತು. ಆದ್ದರಿಂದ ನಾನು ಮುಂಚೆ ಹೋಗಿ ನಿಂತು ಟವೆಲ್ ಎಸೆಯಬೇಕು.

ಎಸೆಯುವುದಕ್ಕೂ ಒಂದು ಕೈಹದ ಬೇಕು. ತೆಳು ಟವೆಲ್ ಗಾಳಿಗೆ ಹಾರಿ ಯಾರದೋ ತಲೆಯ ಮೇಲೆ ಕೂರುತ್ತದೆ. ನಾನು ಒಂದು ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದೆ. ಗಂಟಿನ ಭಾರಕ್ಕೆ ಅದು ನೇರವಾಗಿ ಹೋಗಿ ಎರಡು ಸೀಟಿಗಾಗುವಷ್ಟು ಅಗಲಕ್ಕೆ ಬೀಳುತ್ತಿತ್ತು. ಆ ಗಾಡಿಯಲ್ಲಿ ಬರೆಯದ ಕಾನೂನೊಂದಿತ್ತು. ಕರ್ಚೀಫಿಗೆ ಒಂದು ಸೀಟು, ಟವೆಲಿಗೆ ಎರಡು, ಪೇಪರ್ ಹಾಕಿದರೆ ಲೆಕ್ಕಕ್ಕಿಲ್ಲ, ಅದನ್ನು ಎತ್ತಿ ಓದುತ್ತಾ ಅಲ್ಲೇ ಕೂತುಬಿಡಬಹುದು. ಟವೆಲನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಎಂಥ ಜಗಳಗಂಟನೂ "ಇಲ್ಲಿ ಜನ ಇದಾರಾ?" ಎಂದು ಕೇಳುತ್ತಿದ್ದ. "ಇದಾರೆ" ಎಂದರೆ ಮುಂದಕ್ಕೆ ಹೋಗುತ್ತಿದ್ದ.

ಆ ಹಳೆಯ ಡಬ್ಬಿಗಳನ್ನು ಹೊಗಳುವ ಆಸೆ ನನಗೇನೂ ಇಲ್ಲ. ಕಿಟಕಿಯ ಕಬ್ಬಿಣದ ಶಟರು ಎರಡು ಸಲ ನನ್ನ ಬೆರಳ ಮೇಲೆ ಬಿದ್ದಿದೆ. ಫ್ಯಾನು ತಿರುಗಬೇಕಾದರೆ ಬಾಚಣಿಗೆ ತೂರಿಸಿ ರೆಕ್ಕೆಯನ್ನು ತಳ್ಳಬೇಕಿತ್ತು. ಕಕ್ಕಸಿನ ಪಕ್ಕದ ಸೀಟು ಸಿಕ್ಕಿದ ದಿನ ತುಮಕೂರಿನಿಂದ ಯಶವಂತಪುರದವರೆಗೆ ಮೂಗಿಗೆ ಸೆರಗು. ಆದರೂ ಅವನ್ನೆಲ್ಲ ತೆಗೆದು ಹೊಸ ಗಾಡಿ ಬಿಡುತ್ತಾರೆಂಬ ಸುದ್ದಿ ಬಂದಾಗ ನನ್ನ ಯಜಮಾನರು ಪಟ್ಟ ಸಂತೋಷ ನನಗೆ ಸಹಿಸಲಾಗಲಿಲ್ಲ. ಅವರಿಗೆ ಆಫೀಸು ಮನೆಯಿಂದ ಕಾಲ್ನಡಿಗೆಯ ದೂರ. ಮಧ್ಯಾಹ್ನ ಮನೆಗೇ ಬಂದು ಬಿಸಿ ಸಾರು ಉಣ್ಣುವ ಮನುಷ್ಯ.

"ಹೈಬ್ರಿಡ್ ಅಂತೆ ಕಣೇ," ಎಂದರು ಪೇಪರ್ ಮಡಚುತ್ತಾ. "ಬ್ಯಾಟರೀಲೂ ಓಡುತ್ತೆ, ಕರೆಂಟಲ್ಲೂ ಓಡುತ್ತೆ. ಪೂರ್ತಿ ಏಸಿ. ಬಾಗಿಲು ತಾನೇ ತೆಗೆಯುತ್ತೆ, ತಾನೇ ಮುಚ್ಚುತ್ತೆ."

"ಸೀಟು ತಾನೇ ಸಿಗುತ್ತಾ?" ಎಂದೆ.

"ನಿಂದು ಬರೀ ಕೊಂಕು," ಎಂದರು.

ಮರುದಿನ ಬೆಳಿಗ್ಗೆ ಅಕ್ಕನಿಗೆ ಹೇಳಿದೆ. ಅವರು ಕಲಾಸಿಪಾಳ್ಯದಲ್ಲಿ ತರಕಾರಿ ಕೊಂಡು ಬೆಳೆದವರು, ಹೈಬ್ರಿಡ್ ಎಂದರೆ ಅವರಿಗೆ ಟೊಮೆಟೊ.

"ಹಂಗಾದ್ರೆ ನೋಡೋಕೆ ಕೆಂಪಗೆ, ನುಣ್ಣಗೆ ಇರುತ್ತೆ. ಸಾರಿಗೆ ಹಾಕಿದ್ರೆ ಹುಳಿ ಇರಲ್ಲ. ನಮ್ಮದು ನಾಟಿ ಗಾಡಿ ಕಣಮ್ಮ. ಸೊಟ್ಟಗಿದೆ, ಆದ್ರೆ ಹುಳಿ ಇದೆ."

ಅಂದಿನಿಂದ ನಮ್ಮಿಬ್ಬರಿಗೂ ಹಳೆಯದು ನಾಟಿ ಗಾಡಿ, ಬರಲಿರುವುದು ಹೈಬ್ರಿಡ್ ಗಾಡಿ. ನಗುತ್ತಿದ್ದೆವು, ಆದರೆ ನನಗೆ ಒಳಗೊಳಗೇ ದಿಗಿಲಿತ್ತು. ಅಕ್ಕನ ಎರಡೂ ಮಂಡಿಗಳ ಚಿಪ್ಪು ಸವೆದಿತ್ತು. ಕೂತರೆ ತುಮಕೂರೇನು, ಮುಂಬೈಗೂ ಹೋಗಿಬರುವ ಹೆಂಗಸು, ಹತ್ತು ನಿಮಿಷ ನಿಂತರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಡಾಕ್ಟರು ನಿಲ್ಲಲೇಬಾರದು ಎಂದಿದ್ದರು. ಮಕ್ಕಳು ಸ್ವಯಂ ನಿವೃತ್ತಿ ತೆಗೆದುಕೋ ಎಂದು ಬೆನ್ನು ಹತ್ತಿದ್ದರು. ಸರ್ವೀಸು ಮುಗಿಯಲು ಇನ್ನು ಹದಿನಾಲ್ಕು ತಿಂಗಳಿತ್ತು.

"ತಗೊಂಡುಬಿಡಿ ಅಕ್ಕ, ಇಷ್ಟು ವರ್ಷ ದುಡಿದಿದ್ದು ಸಾಲದಾ?" ಎಂದು ನಾನೂ ಒಮ್ಮೆ ಹೇಳಿದ್ದೆ.

"ಸಾಲಲ್ಲ," ಎಂದರು. "ನಮ್ಮಪ್ಪ ಕೆಲಸದಲ್ಲಿರೋವಾಗ್ಲೇ ಹೋಗ್ಬಿಟ್ಟ. ನಮ್ಮವ್ವ ದಿನಗೂಲಿ, ಅವಳಿಗೆ ರಿಟೈರ್ಮೆಂಟೇ ಇರ್ಲಿಲ್ಲ. ಪೂರ್ತಿ ಸರ್ವೀಸ್ ಮಾಡಿ ಶಾಲು ಹೊದಿಸ್ಕೊಂಡು ಆಚೆ ಬಂದೋರು ನಮ್ಮ ಮನೇಲಿ ಯಾರೂ ಇಲ್ಲ. ನಾನು ಹೊದಿಸ್ಕೊಂಡೇ ಬರ್ತೀನಿ."

ದಿನಕ್ಕೊಂದು ಸೀಟು, ಅದೂ ಸಂಜೆಯ ಒಂದೂವರೆ ಗಂಟೆ ಪ್ರಯಾಣಕ್ಕೆ. ಅಷ್ಟು ಸಿಕ್ಕಿದರೆ ಅಕ್ಕ ಶಾಲಿನವರೆಗೆ ನಡೆಯುತ್ತಿದ್ದರು.

ಹೈಬ್ರಿಡ್ ಗಾಡಿ ಬಂತು. ಬಂದ ದಿನ ಬೆಳಿಗ್ಗೆ ಯಾರೋ ಅದಕ್ಕೆ ಬಾಳೆಕಂಬ ಕಟ್ಟಿದ್ದರು. ಮಲ್ಲೇಶ್ವರದಲ್ಲಿ ಹತ್ತಿದ ಕೂಡಲೇ ನನಗೆ ಗೊತ್ತಾದದ್ದು ಚಳಿ, ಆಮೇಲೆ ಗೊತ್ತಾದದ್ದು ಸೀಟುಗಳು ಕಡಿಮೆ ಎಂಬುದು. ಮೆಟ್ರೋದಂತೆ ಎರಡು ಗೋಡೆಗೂ ಒರಗಿಸಿ ಉದ್ದಕ್ಕೆ ಬೆಂಚು, ನಡುವೆ ನಿಲ್ಲುವವರಿಗೆ ಮೈದಾನ, ನೇತಾಡಲು ಹಿಡಿಕೆಗಳು. ಎದುರುಬದುರು ಕೂತು ಮಡಿಲಲ್ಲಿ ಅವರೆಕಾಯಿ ಸುಲಿಯುವ ಮಾತೇ ಇಲ್ಲ. ಅಕ್ಕ ತಮ್ಮ ಪಕ್ಕ ಒಂದು ಸೀಟನ್ನು ಬ್ಯಾಗಿಟ್ಟು ಹೇಗೋ ಉಳಿಸಿದ್ದರು. ಬೆಳಿಗ್ಗೆಯ ಮಟ್ಟಿಗೆ ತೊಂದರೆಯಿಲ್ಲ, ಗಾಡಿ ಮೆಜೆಸ್ಟಿಕ್ಕಿನಿಂದ ಖಾಲಿ ಹೊರಡುತ್ತದೆ.

ಸಂಜೆ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ನನ್ನ ಮೇಲೇ ರೇಗುತ್ತದೆ. ಬೆಳಿಗ್ಗೆ ಅದೇ ಗಾಡಿಯಲ್ಲಿ ಬಂದವಳು ನಾನು. ಕಿಟಕಿಗೆ ಸರಳಿಲ್ಲ, ಶಟರಿಲ್ಲ, ಇಡೀ ಗಾಜು, ತೆಗೆಯಲು ಬರುವುದಿಲ್ಲ ಎಂದು ಕಣ್ಣಾರೆ ಕಂಡಿದ್ದೆ. ಆದರೆ ಹತ್ತೊಂಬತ್ತು ವರ್ಷದ ಕೈ, ಅದಕ್ಕೆ ಕಣ್ಣಿಲ್ಲ. ಗಾಡಿ ನಿಧಾನವಾಗುತ್ತಿದ್ದಂತೆ ಬ್ಯಾಗಿನಿಂದ ಟವೆಲ್ ತೆಗೆದೆ, ಗಂಟು ಹಾಕಿದೆ, ಖಾಲಿ ಸೀಟೊಂದನ್ನು ಗುರಿಯಿಟ್ಟು ಎಸೆದೆ. ಗಂಟು ಗಾಜಿಗೆ ಟಪ್ಪೆಂದು ಬಡಿಯಿತು. ಒಳಗೆ ಕೂತಿದ್ದ ಹುಡುಗಿಯೊಬ್ಬಳು ಬೆಚ್ಚಿ ಕಿವಿಯಿಂದ ಇಯರ್‌ಫೋನ್ ಕಿತ್ತಳು. ಟವೆಲ್ ಗಾಜಿನ ಮೇಲೆ ನಿಧಾನವಾಗಿ ಜಾರಿ, ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವಿನ ಸಂದಿಗೆ ಬಿದ್ದು ಕಾಣೆಯಾಯಿತು. ಒಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದ.

"ಆಂಟಿ, ಬಾಗಿಲಲ್ಲಿ ಹತ್ತಿ," ಎಂದ.

ಬಾಗಿಲು ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರ. ನಾನು ಹತ್ತುವ ಹೊತ್ತಿಗೆ ಸೀಟೆಲ್ಲ ಮುಗಿದಿತ್ತು. ಅಕ್ಕ ಕುಂಟುತ್ತಾ ಬಂದು ಹತ್ತಿದರು, ನನ್ನ ಮುಖ ನೋಡಿದರು, ಕಂಬ ಹಿಡಿದು ನಿಂತರು. ಬಾಗಿಲು ತಾನೇ ಮುಚ್ಚಿತು.

ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಅಕ್ಕನ ಮೇಲ್ದುಟಿಯ ಮೇಲೆ ಬೆವರು. ಆ ಏಸಿ ಚಳಿಯಲ್ಲಿ. ನಾನು ಎದುರಿಗೆ ಕೂತಿದ್ದ ಹುಡುಗಿಗೆ ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಹಿಡಿದರು.

"ಬೇಡ."

"ಯಾಕೆ ಬೇಡ? ಕೇಳಿದ್ರೆ ಬಿಟ್ಟುಕೊಡ್ತಾಳೆ."

"ಬಿಟ್ಟುಕೊಡ್ತಾಳೆ. ಕೇಳಿ ಕೂರೋದೇ ಬೇಡ."

ಬಾಗಿಲ ಪಕ್ಕದಲ್ಲಿ ವಯಸ್ಸಾದವರಿಗೆ, ಅಂಗವಿಕಲರಿಗೆ ಎಂದು ಚೀಟಿ ಅಂಟಿಸಿದ ಸೀಟುಗಳಿದ್ದವು. ಅಲ್ಲಿ ಒಬ್ಬ ದಾಂಡಿಗ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ್ದ. ಎಬ್ಬಿಸುತ್ತೇನೆಂದೆ, ಅದಕ್ಕೂ ಬೇಡವೆಂದರು. ನನಗೆ ಅಕ್ಕನ ಮೇಲೇ ಸಿಟ್ಟು ಬಂತು. ನೆಲಮಂಗಲದ ಆಸುಪಾಸಿನಲ್ಲಿ ನಿಂತುಕೊಂಡೇ, ಸಣ್ಣ ದನಿಯಲ್ಲಿ ಬೈದೆ. ನಿಮ್ಮ ಹಟಕ್ಕೆ ಮಂಡಿ ಹೋಗುತ್ತೆ, ಮಂಡಿ ಹೋದರೆ ಕೆಲಸ ಹೋಗುತ್ತೆ, ಶಾಲೂ ಇಲ್ಲ ಏನೂ ಇಲ್ಲ ಎಂದೆ. ಅವರು ಗಾಜಿನಾಚೆ ನೋಡುತ್ತಾ ಹೇಳಿದರು.

"ಚಿಕ್ಕೋಳಿದ್ದಾಗ ಊರಿಂದ ಬಸ್ಸಲ್ಲಿ ಬರ್ತಿದ್ವಿ. ಸೀಟು ಖಾಲಿ ಇದ್ರೂ ನಮ್ಮಪ್ಪ ನಿಂತಿರ್ತಿದ್ದ. ಒಂದ್ಸಲ ನನಗೆ ಜ್ವರ. ಅಪ್ಪ ಒಬ್ಬರನ್ನ ಕೇಳ್ದ, ಮಗೀಗೆ ಒಂಚೂರು ಜಾಗ ಬಿಡಿ ಸ್ವಾಮಿ ಅಂತ. ಅವರು ಅಪ್ಪನ್ನ ಒಂದ್ಸಲ ಮೇಲಿಂದ ಕೆಳಗೆ ನೋಡಿ, ಬ್ಯಾಗು ತೆಗೆದು ಆ ಸೀಟಲ್ಲಿಟ್ರು. ಅಷ್ಟೇ, ಬೈಲಿಲ್ಲ, ಏನಿಲ್ಲ. ಇಳಿದ ಮೇಲೆ ಅಪ್ಪ ಹೇಳ್ದ, ಯಾರನ್ನೂ ಜಾಗ ಕೇಳ್ಬೇಡ ಕಣವ್ವ ಅಂತ. ನಾನು ಕೇಳಿಲ್ಲ, ಇವತ್ತಿಗೂ."

"ಮತ್ತೆ ಇಷ್ಟು ವರ್ಷ ನಾನು ಹಿಡಿದಿಟ್ಟ ಸೀಟು?"

"ಅದು ಕೇಳಿದ್ದಲ್ಲ. ನಾನು ಬರೋಕೆ ಮುಂಚೇನೇ ನನಗೆ ಅಂತ ಇದ್ದಿದ್ದು."

ಹತ್ತೊಂಬತ್ತು ವರ್ಷ ಟವೆಲ್ ಎಸೆದಿದ್ದೆ, ಅದು ಏನನ್ನು ಹಿಡಿದಿಡುತ್ತಿತ್ತೆಂದು ನನಗೆ ಅವತ್ತು ಗೊತ್ತಾಯಿತು. ಮೊದಲೇ ಗೊತ್ತಾಗಬೇಕಿತ್ತು. ನಾಚಿಕೆಯಾಯಿತು. ನಮ್ಮ ತಾತನ ಊರಿನಲ್ಲಿ ಜಗಲಿಯ ಮೇಲೆ ಯಾರು ಕೂರುತ್ತಿದ್ದರು, ಯಾರು ಅಂಗಳದಲ್ಲೇ ನಿಲ್ಲುತ್ತಿದ್ದರು ಎಂಬುದನ್ನು ನಾನೂ ಕಂಡವಳೇ. ಆದರೂ ಅಕ್ಕ ಏನೇನು ದಾಟಿ ಬಂದವರೆಂದು ಒಂದು ದಿನವೂ ಕೇಳಿರಲಿಲ್ಲ. ಮಲ್ಲೇಶ್ವರದಲ್ಲಿ ಇಳಿಯುವಾಗ ಅವರ ಕಡೆ ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.

ಆಮೇಲಿನ ಹದಿನೈದು ದಿನ ನಾನು ಆ ಗಾಡಿಯ ತುಂಬ ಶತ್ರುಗಳನ್ನು ಸಂಪಾದಿಸಿದೆ. ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆಂದು ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನಿಂದ ಹೆಜ್ಜೆ ಎಣಿಸಿ ಗುರುತಿಟ್ಟುಕೊಂಡು ಎಲ್ಲರಿಗಿಂತ ಮುಂಚೆ ನುಗ್ಗಿದೆ. ನಾನೊಂದು ಸೀಟಿನಲ್ಲಿ ಕೂತು ಪಕ್ಕದಲ್ಲಿ ಹೊಸ ಟವೆಲ್ ಹಾಸಿದೆ. ಟವೆಲಿಗೆ ಆ ಗಾಡಿಯಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಒಬ್ಬಳು ಅದನ್ನು ಎತ್ತಿ, ಮಡಚಿ, "ಆಂಟಿ, ನಿಮ್ಮ ಟವೆಲ್ ಬಿದ್ದಿತ್ತು," ಎಂದು ನನ್ನ ಕೈಗೇ ಕೊಟ್ಟು ಕೂತಳು. ವಿನಯದಿಂದಲೇ ಕೊಟ್ಟಳು, ಜಗಳಕ್ಕೂ ಆಸ್ಪದವಿಲ್ಲ. ಮರುದಿನ ಬ್ಯಾಗಿಟ್ಟೆ.

"ಬ್ಯಾಗಿಗೂ ಟಿಕೆಟ್ ತಗೊಂಡಿದೀರಾ ಮೇಡಂ?" ಎಂದ ಒಬ್ಬ.

"ಜನ ಬರ್ತಾರೆ," ಎಂದೆ.

"ಬಂದಾಗ ನೋಡೋಣ ಬಿಡಿ," ಎಂದು ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟು ಕೂತ. ನಾನು ಅಂದದ್ದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ಅವನು ನಿದ್ದೆ ಮಾಡಿದ.

ಅಕ್ಕ ಒಂದು ವಾರ ನಿಂತೇ ಬಂದರು. ಎರಡನೇ ವಾರ ಎರಡು ದಿನ ರಜೆ ಹಾಕಿದರು. ಮೂರನೇ ದಿನ ಬೆಳಿಗ್ಗೆ ಸಿಕ್ಕಾಗ, ಮಗ ಅರ್ಜಿ ಬರೆದುಕೊಟ್ಟಿದ್ದಾನೆ, ಸೋಮವಾರ ಆಸ್ಪತ್ರೆಯಲ್ಲಿ ಕೊಟ್ಟುಬಿಡುತ್ತೇನೆ ಎಂದರು. ಮಾರುಕಟ್ಟೆಗೆ ಹೋಗಿಬರುತ್ತೇನೆ ಎನ್ನುವಷ್ಟು ಸಾಧಾರಣವಾಗಿ ಹೇಳಿದರು. ನನಗೆ ದುಃಖ ಬಂತು, ಬಂದ ದುಃಖ ಯಥಾಪ್ರಕಾರ ಸಿಟ್ಟಾಯಿತು. ರಾತ್ರಿ ಯಜಮಾನರ ಮುಂದೆ ಪಾತ್ರೆ ಕುಕ್ಕಿದೆ.

"ನೀನು ಕೂತಿರ್ತೀಯಲ್ಲ, ನೀನೇ ಎದ್ದು ಕೊಡೋದಪ್ಪ," ಎಂದರು ಅವರು ಮಜ್ಜಿಗೆ ಕಲಸುತ್ತಾ.

"ಕೊಟ್ಟೆ. ತಗೊಳಲ್ಲ. ನಿನ್ನನ್ನ ನಿಲ್ಲಿಸಿ ನಾನು ಕೂರ್ಬೇಕಾ ಅಂತಾರೆ."

"ಹಂಗಾದ್ರೆ ಅದು ನಿನ್ನ ಸೀಟಲ್ಲ ಅಂತ ಹೇಳು," ಎಂದು ಉಪ್ಪಿನಕಾಯಿಗೆ ಕೈ ಚಾಚಿದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ಹೇಳಿದ ಕೆಲಸಕ್ಕೆ ಬರುವ ಮಾತುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಇದು ಅವುಗಳಲ್ಲೊಂದು ಎಂದು ಅವರಿಗೂ ಗೊತ್ತಿರಲಿಲ್ಲ.

ಮರುದಿನ ಸಂಜೆ ನಾನು ನುಗ್ಗಿ ಒಂದೇ ಸೀಟು ಹಿಡಿದೆ. ಬ್ಯಾಗಿಡಲಿಲ್ಲ. ಟವೆಲನ್ನು ಮಡಚಿ ನನ್ನ ಹೆಗಲ ಮೇಲೇ ಹಾಕಿಕೊಂಡು ಕೂತೆ. ಅಕ್ಕ ಹತ್ತಿದ ಕೂಡಲೇ ಎದ್ದು ನಿಂತೆ.

"ಕೂತ್ಕೊಳ್ಳಿ."

"ನೀನು ಕೂತ್ಕೋ. ನಿನ್ನ ಸೀಟು."

"ನನ್ನ ಸೀಟಲ್ಲ ಅಕ್ಕ. ಇದು ನಿಮ್ಮದೇ, ನೀವು ಬರೋಕೆ ಮುಂಚೇನೇ ಇದ್ದಿದ್ದು. ನಾನು ಟವೆಲ್ಲು."

ಅವರು ನನ್ನನ್ನು ನೋಡಿದರು, ಹೆಗಲ ಮೇಲಿನ ಟವೆಲನ್ನು ನೋಡಿದರು. ಆಮೇಲೆ ನಕ್ಕರು. ಪಕ್ಕದಲ್ಲಿದ್ದವನು ಆ ಸೀಟಿಗೆ ಜಾರಲು ಹೊರಟಿದ್ದ, ನಾನು ಅವನ ಕಡೆ ತಿರುಗಿ, "ಜನ ಇದಾರೆ," ಎಂದೆ. ಅಕ್ಕ ಕೂತರು. ಕಾಲು ಚಾಚಿ ಮಂಡಿ ಉಜ್ಜಿಕೊಂಡರು. ಸೋಮವಾರ ಅರ್ಜಿ ಕೊಡಲಿಲ್ಲ.

ಹದಿಮೂರು ತಿಂಗಳು ನಾನು ಹಾಗೆ ಟವೆಲಾಗಿದ್ದೆ. ದೊಡ್ಡ ತ್ಯಾಗ ಮಾಡಿದೆನೆಂದು ಹೇಳಿಕೊಳ್ಳುತ್ತಿಲ್ಲ, ದಿನಾ ಗೊಣಗಿಕೊಂಡೇ ಮಾಡಿದೆ. ಸೊಂಟ ನೋಯುತ್ತಿತ್ತು. ಏಸಿಯ ಗಾಳಿ ಸರಿಯಾಗಿ ನನ್ನ ನೆತ್ತಿಗೇ ಬೀಳುತ್ತಿತ್ತು. ಪ್ರತಿ ಸ್ಟೇಷನ್ನಿಗೂ ಗಾಡಿಯ ಸ್ಪೀಕರಿನ ಹೆಣ್ಣುದನಿ ಬಾಗಿಲುಗಳಿಂದ ದೂರವಿರಿ ಎನ್ನುತ್ತಿತ್ತು. ಬಾಗಿಲಿನ ಹತ್ತಿರವಲ್ಲದೆ ನಿಲ್ಲಲು ಬೇರೆ ಜಾಗವೆಲ್ಲಿದೆ ತಾಯಿ ಎಂದು ನಾನು ಪ್ರತಿ ಸ್ಟೇಷನ್ನಿಗೂ ಉತ್ತರಿಸುತ್ತಿದ್ದೆ. ಅಕ್ಕ ಕೆಳಗಿನಿಂದ ಸುಲಿದ ಕಡಲೆಕಾಯಿ ನನ್ನ ಕೈಗೆ ಕೊಡುತ್ತಿದ್ದರು. ಕೊಡುವಾಗೆಲ್ಲ ಹೈಬ್ರಿಡ್ಡಿಗೆ ಹುಳಿ ಇಲ್ಲ ಎನ್ನುತ್ತಿದ್ದರು.

ಅಕ್ಕನ ಕಡೆಯ ದಿನವೇ ನಮ್ಮ ಸಾಹೇಬರಿಗೆ ಹಳೆಯ ಕಡತವೊಂದರ ನೆನಪಾಗಬೇಕೇ. ಹುಡುಕಿ ಕೊಟ್ಟು, ಆಟೋ ಹಿಡಿದು, ಸ್ಟೇಷನ್ ತಲುಪುವಾಗ ಗಾಡಿ ಬಂದು ನಿಂತಿತ್ತು. ಅಕ್ಕ ನಿಂತೇ ಹೋಗಬೇಕಾಯಿತು, ಅದೂ ಇವತ್ತು, ಎಂದು ನನ್ನನ್ನೂ ಸಾಹೇಬರನ್ನೂ ಆಟೋದವನನ್ನೂ ಬೈದುಕೊಳ್ಳುತ್ತಾ ಬಾಗಿಲೊಳಗೆ ತೂರಿಕೊಂಡೆ.

ಅಕ್ಕ ಕೂತಿದ್ದರು. ಬೀಳ್ಕೊಡುಗೆ ಮುಗಿಸಿ ಮಧ್ಯಾಹ್ನವೇ ಕಳಿಸಿಕೊಟ್ಟಿದ್ದರಂತೆ, ಗಾಡಿ ಬರುವ ಒಂದು ಗಂಟೆ ಮೊದಲೇ ಬಂದು ಕಲ್ಲುಬೆಂಚಿನ ಮೇಲೆ ಕಾದಿದ್ದರಂತೆ. ಕೊರಳಲ್ಲಿ ಸುಗಂಧರಾಜದ ಹಾರ ಇನ್ನೂ ಇತ್ತು, ಕಾಲ ಬಳಿ ಹಣ್ಣಿನ ಬುಟ್ಟಿ. ಅವರ ಪಕ್ಕದ ಸೀಟು ಖಾಲಿ. ಖಾಲಿಯಲ್ಲ, ಅದರ ಮೇಲೆ ಜರಿಯಂಚಿನ ಮೈಸೂರು ಶಾಲು ಅಗಲಕ್ಕೆ ಹಾಸಿತ್ತು. ಎದುರಿಗೆ ಒಬ್ಬ ದೊಡ್ಡ ಮನುಷ್ಯ ಹಿಡಿಕೆಗೆ ನೇತಾಡುತ್ತಾ ಗೊಣಗುತ್ತಿದ್ದ.

"ಆಗ್ಲಿಂದ ಕೇಳ್ತಿದೀನಿ, ಜನ ಇದಾರೆ, ಜನ ಇದಾರೆ ಅಂತಾರೆ. ಎಲ್ರೀ ಜನ?"

"ಬಂದ್ರಲ್ಲ," ಎಂದರು ಅಕ್ಕ. ಇಡೀ ಡಬ್ಬಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಯಾರನ್ನೂ ಜಾಗ ಕೇಳದವರು, ನನಗಾಗಿ ಅಷ್ಟು ಜನರಿಗೆ ಇಲ್ಲ ಎಂದಿದ್ದರು.

ನಾನು ಶಾಲನ್ನು ಎತ್ತಿ ಮಡಚಲು ಹೋದೆ. ಅದರ ಮೇಲೆ ಕೂರುವುದು ಹೇಗೆ? ಅವರ ಮನೆಯಲ್ಲಿ ಮೊದಲ ಶಾಲು ಅದು. ಅಕ್ಕ ನನ್ನ ಕೈ ಹಿಡಿದು ಕೆಳಕ್ಕೆಳೆದರು.

"ಕೂತ್ಕೊಳೇ. ಅದು ಶಾಲಲ್ಲ, ಟವೆಲ್ಲು."

ಆ ಮನುಷ್ಯ ಇನ್ನೂ ಏನೋ ಅನ್ನುತ್ತಿದ್ದ. ನಾನು ಶಾಲಿನ ಮೇಲೆ ಕೂತೆ. ಮಲ್ಲೇಶ್ವರ ಬರುವವರೆಗೂ ನಾವಿಬ್ಬರೂ ಕೂತೇ ಬಂದೆವು.